ನನ್ನ ಒಪ್ಪೊತ್ತು ಯಜಮಾನರ ಪಾಲಿಗೆ ಬಂದದ್ದು

ನಮ್ಮ ಪಡಸಾಲೆಯ ತೊಲೆಯಲ್ಲಿ ಒಂದು ಕಬ್ಬಿಣದ ಕೊಕ್ಕೆ ಇದೆ. ರಜಕ್ಕೆ ಬಂದಿರುವ ಮೊಮ್ಮಗಳು ಮೊನ್ನೆ ಅಂಗಾತ ಮಲಗಿ ಅದನ್ನೇ ನೋಡುತ್ತಾ, ಇದು ಯಾಕಜ್ಜಿ ಅಂದಳು. ನಿನ್ನ ತೊಟ್ಟಿಲು ಕಟ್ಟಿದ್ದು ಇದಕ್ಕೇ ಅಂದೆ. ಅದಕ್ಕೂ ಮೊದಲು ಏನು ಕಟ್ಟಿದ್ದರು ಅಂದಳು. ಅದಕ್ಕೂ ಮೊದಲು ನಿಮ್ಮಜ್ಜಿಯನ್ನೇ ಕಟ್ಟಿದ್ದರು ಅಂದೆ. ಆ ಮಗು ನಕ್ಕಿದ್ದು ನಕ್ಕಿದ್ದೇ. ಅವಳು ನಕ್ಕರೆ ಎರಡು ಕೆನ್ನೆಯಲ್ಲೂ ಗುಳಿ ಬೀಳುತ್ತದೆ, ನೋಡಿದವರ ಕೆಲಸ ಕೆಡುತ್ತದೆ. ಅವತ್ತು ನಮ್ಮ ಸಾರೂ ಒಲೆಯ ಮೇಲೆ ಸೀದಿತು.

ನಾನು ಓದಿದ್ದು ಎರಡನೇ ಕ್ಲಾಸು. ಅವಳು ಈಗ ಒಂದನೇ ಕ್ಲಾಸು. ಬರುವ ವರ್ಷಕ್ಕೆ ಇಬ್ಬರೂ ಸಮ, ಆಮೇಲೆ ನನ್ನ ದಾಟಿ ಹೋಗುತ್ತಾಳೆ. ಅದಕ್ಕೆ ಮುಂಚೆ ಈ ಕೊಕ್ಕೆಯ ಕಥೆ ಬರೆದುಬಿಡೋಣ ಅಂತ ಅವಳದೇ ಪೆನ್ಸಿಲು ಇಸಕೊಂಡು ಕೂತಿದ್ದೀನಿ.

ಆಗ ನಯಾಪೈಸೆ ಬಂದು ಮೂರ್ನಾಲ್ಕು ವರ್ಷವಾಗಿತ್ತು. ನಮ್ಮದು ಹಳ್ಳಿಮೈಸೂರಿನಿಂದ ಎರಡು ಮೈಲಿ ಒಳಗಿನ ಊರು. ಯಜಮಾನರದು ಬೆಲ್ಲದ ವ್ಯಾಪಾರ. ಸುತ್ತಲ ಆಲೆಮನೆಗಳಿಂದ ಬೆಲ್ಲ ತಂದು ಹೊಳೆನರಸೀಪುರದ ಸಂತೆಗೆ ಹಾಕುತ್ತಿದ್ದರು. ಮನೆಯಲ್ಲಿ ನಾನು, ಅವರು, ಹಲ್ಲೆಲ್ಲ ಬಿದ್ದರೂ ಬಾಯಿ ಬೀಳದ ನಮ್ಮತ್ತೆ. ಇದ್ದ ಒಬ್ಬಳು ಮಗಳನ್ನು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ನುಗ್ಗೇಹಳ್ಳಿ ಕಡೆಗೆ ಕೊಟ್ಟಿದ್ದೆವು.

ನನಗೆ ಗರ್ಭಕೋಶ ಜಾರಿತ್ತು. ಇದನ್ನು ಬರೆಯೋದೋ ಬೇಡವೋ ಅಂತ ಒಂದು ಗಳಿಗೆ ಪೆನ್ಸಿಲು ಕಚ್ಚಿಕೊಂಡು ಕೂತೆ. ಹೆಂಗಸರಿಗೆ ಗೊತ್ತಿರೋದೇ, ಗಂಡಸರೂ ತಿಳಿದುಕೊಳ್ಳಲಿ. ಹೆತ್ತ ಹನ್ನೊಂದನೇ ದಿನಕ್ಕೆ ಸೊಂಟಕ್ಕೊಂದು ತಲೆಗೊಂದು ಕೊಡ ಹೊತ್ತವಳು ನಾನು. ಅದರ ಫಲ ನಿಧಾನವಾಗಿ ಬಂತು. ನಿಂತರೆ ಒಳಗೆಲ್ಲ ಕೆಳಕ್ಕೆ ಜಗ್ಗಿದ ಹಾಗೆ. ಕುಕ್ಕರಗಾಲಲ್ಲಿ ಕೂತರೆ ಒಳಗಿರಬೇಕಾದ್ದು ಹೊರಗೆ. ಹತ್ತು ವರ್ಷ ಬಟ್ಟೆ ಬಿಗಿದುಕೊಂಡು ಓಡಾಡಿದೆ, ಯಾರಿಗೂ ಹೇಳಿರಲಿಲ್ಲ.

ಹೀಗಿರುವಾಗ ಮಗಳಿಗೆ ಮೂರು ತಿಂಗಳು ಅಂತ ಕಾಗದ ಬಂತು. ಅತ್ತೆ ಬಾಗಿಲಿಗೆ ಬಂದವರಿಗೆಲ್ಲ ಬೆಲ್ಲ ಹಂಚಿದರು. ನಾನೂ ಕುಣಿಯೋಷ್ಟು ಹಿಗ್ಗಿದೆ. ಆದರೆ ಸಂಜೆ ಬಚ್ಚಲಿಗೆ ಹೋಗಿ ಅಲ್ಲಿದ್ದ ಮಣೆ ನೋಡಿದ ಕೂಡಲೇ ಹಿಗ್ಗೆಲ್ಲ ಇಳಿದುಹೋಯಿತು. ಚೊಚ್ಚಲ ಬಾಣಂತನ ತವರಿನದು, ಮಗುವಿಗೆ ಎರೆಯುವುದು ತಾಯಿಯ ತಾಯಿಯ ಕೆಲಸ. ಗಿಡ್ಡ ಮಣೆಯ ಮೇಲೆ ಕೂತು, ಎರಡೂ ಕಾಲು ಮುಂದಕ್ಕೆ ನೀಡಿ, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತೀಡಿ, ಬಿಸಿನೀರು ಎರೆದು, ಮತ್ತೆ ಅಂಗಾತ ಮಾಡಿ, ಮೂಗು ತಿದ್ದಿ, ಅಷ್ಟೂ ಮಾಡಿ ಮೇಲಕ್ಕೆ ಏಳಬೇಕು. ಹಿಂಡಿದ ಒಂದು ಸೀರೆ ಎತ್ತಿದರೆ ಕಣ್ಣು ಕತ್ತಲೆ ಬರುವ ನಾನು ಇದನ್ನು ಹೇಗೆ ಮಾಡಲಿ?

ಅದೇ ವಾರ ಅರಕಲಗೂಡಿನಿಂದ ನನ್ನ ವಾರಗಿತ್ತಿ ಬಂದಳು. ಮೈದುನ ಅಲ್ಲಿ ಅಂಗಡಿ ಇಟ್ಟಿದ್ದಾನೆ, ಇವಳು ಅಂಗಡಿಯ ಮುಂದೆ ನಿಂತರೆ ಒಳಗಿನ ಸಾಮಾನು ಕಾಣೋದಿಲ್ಲ, ಅಂಥ ಆಳು. ನಾನು ಗೋಡೆ ಹಿಡಿದುಕೊಂಡು ಏಳೋದನ್ನು ನೋಡಿದಳು.

"ಬಾಣಂತಿ ಮನೆ ನಿನ್ನ ಕೈಲಾಗಾಕಿಲ್ಲ ಬುಡಕ್ಕ," ಅಂದಳು. "ಮಗೀಗೆ ನಾನೇ ಬಂದು ಎರೀತೀನಿ. ಎರಿಯೋ ಅಂಥ ಕಾಲು ಎಂಗಿರಬೇಕು ನೋಡು," ಅಂತ ಸೀರೆ ಮಂಡಿವರೆಗೆ ಎತ್ತಿ ತೋರಿಸಿಬಿಟ್ಟಳು.

ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಹೊಟ್ಟೆ ಉರಿಯಿತು. ನನ್ನ ಮಗಳ ಮಗುವಿಗೆ ಇವಳ ಕಾಲಾ? ಅವತ್ತೇ ಯಜಮಾನರಿಗೆ ನನ್ನ ಕಾಯಿಲೆ ಹೇಳಿದೆ. ಅವರು, ಹತ್ತು ವರ್ಷ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಅಂತ ಬೈದರು. ಮಾರನೇ ದಿನವೇ ಹೊಳೆನರಸೀಪುರಕ್ಕೆ ಬಸ್ಸು, ಅಲ್ಲಿಂದ ಹಾಸನಕ್ಕೆ ರೈಲು.

ಹಾಸನದ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಸಣ್ಣಗೆ, ಎತ್ತರಕ್ಕೆ, ಮಾತು ಕಮ್ಮಿ. ಪರದೆಯ ಹಿಂದೆ ಪರೀಕ್ಷೆ ಮಾಡಿ, ಆಪರೇಶನ್ ಮಾಡಿದರೆ ಸರಿಹೋಗುತ್ತದೆ ಅಂದರು. ನಾನು ಅಷ್ಟಕ್ಕೇ ಕೈ ಮುಗಿದೆ. ಆದರೆ ಅವರು ಅಷ್ಟಕ್ಕೆ ಬಿಡಲಿಲ್ಲ. ನನ್ನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು. ತಮ್ಮ ಎರಡು ಬೆರಳು ನನ್ನ ಕೈಗೆ ಕೊಟ್ಟು, ಎಷ್ಟು ಶಕ್ತಿ ಇದೆಯೋ ಅಷ್ಟೂ ಹಾಕಿ ಹಿಸುಕು ಅಂದರು. ದೊಡ್ಡವರ ಬೆರಳು ಹಿಸುಕೋದು ಹೇಗೆ ಅಂತ ನಾಚಿಕೊಂಡು ಹಿಸುಕಿದೆ, ಅವರಿಗೆ ಸೊಳ್ಳೆ ಕೂತಷ್ಟೂ ಆಗಲಿಲ್ಲವಂತೆ. ಒಂದು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ, ಕೈ ಊರದೆ ಐದು ಸಲ ಎದ್ದು ಕೂರು ಅಂದರು. ಎರಡನೇ ಸಲಕ್ಕೇ ನರ್ಸಮ್ಮನ ಭುಜ ಹಿಡಿದೆ. ಅಂಗಳದ ಹೊಂಗೆ ಮರದವರೆಗೆ ನಡೆದು ಬಾ ಅಂದರು. ನರ್ಸಮ್ಮ ಕೈಗಡಿಯಾರ ನೋಡುತ್ತಾ ನಿಂತರು. ನಾನು ಹೋಗಿ ಮರಕ್ಕೆ ಒರಗಿಕೊಂಡು ಸುಧಾರಿಸಿಕೊಂಡು ವಾಪಸು ಬರುವಷ್ಟರಲ್ಲಿ ಅವರು ಇನ್ನೊಬ್ಬರಿಗೆ ಇಂಜೆಕ್ಷನ್ ಕೊಟ್ಟು ಬಂದಿದ್ದರು. ಕಡೆಗೆ ತೂಕದ ಮಿಷನ್ನು. ಎಂಬತ್ತೆರಡು ಪೌಂಡು.

ಡಾಕ್ಟರಮ್ಮ ಯಜಮಾನರನ್ನು ಒಳಕ್ಕೆ ಕರೆಸಿದರು. ಆಪರೇಶನ್ ಮಾಡೋದು ಕಷ್ಟವಲ್ಲ, ಆಮೇಲೆ ಚೇತರಿಸಿಕೊಳ್ಳೋದಕ್ಕೆ ಮೈಯಲ್ಲಿ ಕಸುವು ಬೇಕು, ಇವರ ಮೈಯಲ್ಲಿ ರಕ್ತವೇ ಇಲ್ಲ, ಹೀಗೇ ಮಲಗಿಸಿದರೆ ಏಳೋದು ಕಷ್ಟ ಅಂದರು. ಯಜಮಾನರು ಅದನ್ನು ತಮ್ಮ ಬೆಲ್ಲದ ಲೆಕ್ಕಕ್ಕೆ ಹೊಂದಿಸಿಕೊಂಡರು.

"ಅಂದ್ರೆ ಪಾಕ ಹದಕ್ಕೆ ಬಂದಿಲ್ಲ ಅನ್ನಿ. ಈಗ್ಲೇ ಅಚ್ಚಿಗೆ ಉಯ್ದರೆ ಬೆಲ್ಲ ನಿಲ್ಲಾಕಿಲ್ಲ."

ಡಾಕ್ಟರಮ್ಮ ಮೊದಲ ಸಲ ನಕ್ಕರು. "ಹದಕ್ಕೆ ತನ್ನಿ," ಅಂದರು. "ತೊಂಬತ್ತು ಪೌಂಡಾಗಲಿ. ಆಮೇಲೆ ನಾನಿದ್ದೀನಿ."

ಮೊಟ್ಟೆ ತಿನ್ನುತ್ತೀರಾ ಅಂದರು, ನಾವು ಲಿಂಗ ಕಟ್ಟಿದವರು ಅಂದೆವು. ಹಾಗಾದರೆ ಹುರುಳಿ, ಸೊಪ್ಪು, ಹಾಲು, ಕಡಲೆಕಾಯಿ, ಬೆಲ್ಲ. ದಿನಕ್ಕೆ ಮೂರು ಹೊತ್ತು ಹೊಟ್ಟೆ ತುಂಬ ಊಟ. ಹುಳುವಿಗೆ ಒಂದು ಔಷಧಿ, ರಕ್ತಕ್ಕೆ ಕಪ್ಪು ಮಾತ್ರೆ. ಜಾರಿದ್ದು ಒಳಗೆ ನಿಲ್ಲಲಿ ಅಂತ ಬಳೆಯಂಥ ಒಂದು ರಬ್ಬರು ಇಟ್ಟರು, ಅದರಿಂದ ನಡೆಯೋದು ಹಗುರವಾಯಿತು. ದಿನಾ ನಡೆಯಬೇಕು, ಮಣೆಯಿಂದ ಕೈ ಊರದೆ ಎದ್ದು ಕೂತು ಮಾಡಬೇಕು. ಗೋಡೆಗೆ ಕಾಗದದ ಚೂರು ಅಂಟಿಸಿ, ಅದು ಅಲ್ಲಾಡುವಂತೆ ದೂರದಿಂದ ಊದಬೇಕು. ದಿನಾ ಒಲೆ ಊದುತ್ತೀನಲ್ಲ ಅಂದೆ. ಒಲೆ ಊದಿದರೆ ಹೊಗೆ ಒಳಕ್ಕೆ ಹೋಗುತ್ತೆ, ಕಾಗದ ಊದಿದರೆ ಗಾಳಿ ಹೋಗುತ್ತೆ ಅಂದರು. ಒಂದು ತಿಂಗಳು ಬಿಟ್ಟು ಬರಬೇಕು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕೆಡಿಸಿದ್ದು ನಾನು.

ರೈಲಿನಲ್ಲಿ ಕೂತಾಗ ಭಯ ಹತ್ತಿತು. ಹೊಟ್ಟೆ ಕೊಯ್ಯುತ್ತಾರೋ, ಎಲ್ಲಿ ಕೊಯ್ಯುತ್ತಾರೋ, ಅದೂ ಕೇಳಿರಲಿಲ್ಲ. ಹೊಳೆ ಕಾಣುತ್ತಲೂ ಮನೆದೇವರನ್ನು ನೆನೆದು ಒಂದು ಹರಕೆ ಹೊತ್ತುಬಿಟ್ಟೆ. ಆಪರೇಶನ್ ಆಗಿ ನಾನು ಕಾಲ ಮೇಲೆ ಎದ್ದು ನಿಲ್ಲುವವರೆಗೆ ದಿನಾ ಒಪ್ಪೊತ್ತು, ದಿನಕ್ಕೆ ಒಂದೇ ಊಟ. ಹರಕೆ ಹೊತ್ತವರು ಬಾಯಿ ಬಿಡಬಾರದು, ಬಿಟ್ಟರೆ ಫಲವಿಲ್ಲ ಅಂತ ನಮ್ಮವ್ವ ಹೇಳುತ್ತಿದ್ದಳು. ಅದಕ್ಕೆ ಯಾರಿಗೂ ಹೇಳಲಿಲ್ಲ. ಮುಚ್ಚಿಡೋದೂ ಕಷ್ಟವಾಗಲಿಲ್ಲ. ಎಲ್ಲರದೂ ಆದಮೇಲೆ ಒಲೆ ಮುಂದೆ ಕೂತು ಉಣ್ಣುವವಳು ನಾನು. ಕೊನೆಗೆ ಉಣ್ಣುವವಳ ತಟ್ಟೆ ಯಾರು ನೋಡುತ್ತಾರೆ? ಡಾಕ್ಟರಮ್ಮನ ಮಾತ್ರೆ ಮಾತ್ರ ತಪ್ಪಿಸಲಿಲ್ಲ. ದೇವರದೂ ಆಯಿತು, ಡಾಕ್ಟರಮ್ಮನದೂ ಆಯಿತು, ಎರಡು ಕಡೆಯಿಂದಲೂ ಭದ್ರ ಅಂದುಕೊಂಡಿದ್ದೆ.

ತಿಂಗಳು ಬಿಟ್ಟು ಹೋದಾಗ ತೂಕದ ಮಿಷನ್ನು ಎಂಬತ್ತಕ್ಕೆ ನಿಂತಿತು. ನರ್ಸಮ್ಮ ಮಿಷನ್ನನ್ನು ಒಂದು ಸಲ ಒದ್ದು ನೋಡಿದರು, ಎಂಬತ್ತೇ. ಸ್ಟೂಲಿನಿಂದ ಒಂದು ಸಲ ಎದ್ದೆ, ಎರಡನೇ ಸಲಕ್ಕೆ ಕೂತಲ್ಲೇ ಕೂತೆ. ಡಾಕ್ಟರಮ್ಮ ಯಜಮಾನರನ್ನು ಕೇಳಿದರು, ಇವರು ಮೂರು ಹೊತ್ತೂ ಊಟ ಮಾಡುತ್ತಾರಾ? ಮಾಡುತ್ತಾಳೆ ಅಂದರು ಅವರು. ನೀವು ಕಂಡಿದ್ದೀರಾ? ಇಪ್ಪತ್ತು ವರ್ಷದಲ್ಲಿ ನಾನು ಉಣ್ಣೋದನ್ನು ಅವರು ಕಂಡವರೇ ಅಲ್ಲ. ಅವರು ಕೈ ತೊಳೆದು ಜಗಲಿಗೆ ಹೋದಮೇಲೆ ತಾನೇ ನನ್ನ ಊಟ.

ಡಾಕ್ಟರಮ್ಮ ಅವರನ್ನು ಹೊರಗೆ ಕಳಿಸಿ ನನ್ನ ಕೇಳಿದರು. ದೇವರು ತಪ್ಪು ತಿಳಿಯಲ್ಲ ಹೇಳಮ್ಮ ಅಂದರು. ಹೇಳಿದೆ. ನರ್ಸಮ್ಮ ರಿಜಿಸ್ಟರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಡಾಕ್ಟರಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. ಬೆರಳು ಮಡಿಸಿ ಲೆಕ್ಕ ಹಾಕಿದರು. ನಿನ್ನ ಮಗಳಿಗೆ ಈಗ ನಾಲ್ಕು ತಿಂಗಳು. ಆಪರೇಶನ್ ಆದಮೇಲೆ ಮೂರು ತಿಂಗಳು ನೀನು ಭಾರ ಎತ್ತಬಾರದು, ಬಗ್ಗಬಾರದು. ಇನ್ನು ಏಳು ವಾರದಲ್ಲಿ ಹದಕ್ಕೆ ಬಂದರೆ ಸರಿ, ಇಲ್ಲದಿದ್ದರೆ ಮಗು ಹುಟ್ಟಿದಮೇಲೆ ನೋಡೋಣ.

"ಹರಕೆ ವಿಷಯ ನಿನ್ನ ದೇವರಿಗೂ ನಿನಗೂ," ಅಂದರು. "ಆದರೆ ನನ್ನ ಟೇಬಲ್ ಮೇಲೆ ಮಲಗೋದು ನೀನು."

ಮಗು ಹುಟ್ಟಿದಮೇಲೆ ಅಂದರೆ ವಾರಗಿತ್ತಿಯ ಕಾಲು. ರೈಲಿನಲ್ಲಿ ನನ್ನ ಕಣ್ಣ ಮುಂದೆ ಅದೇ ಕಾಲು ಬರುತ್ತಿತ್ತು.

ಹೊಳೆನರಸೀಪುರದಲ್ಲಿ ಬಸ್ಸಿಗೆ ಕಾಯುವಾಗ ಯಜಮಾನರು ಎರಡು ರಸಬಾಳೆಹಣ್ಣು ತಂದು ಕೈಗಿಟ್ಟರು. ಅವತ್ತಿನ ಊಟ ಬೆಳಗ್ಗೆಯೇ ಆಗಿಹೋಗಿತ್ತು. ಹಣ್ಣು ಹಿಡಿದುಕೊಂಡೇ ಕೂತೆ. ಅವರು ಒಂದು ಬೀಡಿ ಮುಗಿಸಿದರು, ನಾನು ಹಿಡಿದೇ ಇದ್ದೆ. ಬಸ್ಸು ಬಂತು, ಹತ್ತಿದೆವು, ಹಿಡಿದೇ ಇದ್ದೆ. ನಮ್ಮ ಪಕ್ಕದ ಹೆಂಗಸಿನ ಕೂಸು ಹಣ್ಣನ್ನೇ ನೋಡುತ್ತಿತ್ತು. ಅದಕ್ಕೆ ಕೊಟ್ಟುಬಿಟ್ಟೆ. ಯಜಮಾನರು ನನ್ನ ಮುಖವನ್ನೇ ನೋಡಿದರು.

"ಒಪ್ಪೊತ್ತಾ?" ಅಂದರು.

ನಾನು ಕಿಟಕಿ ಕಡೆ ತಿರುಗಿಕೊಂಡೆ.

"ಯಾರ್ನ ಕೇಳಿ ಒತ್ಕಂಡೆ ನೀನು? ಬೆಲ್ಲಕ್ಕೆ ಬೆಂಕಿ ಆರ್ಸಿ ಪಾಕ ಬರ್ಲಿ ಅಂದ್ರೆ ಎಂಗೆ ಬತ್ತದೆ?"

ಮನೆಗೆ ಬಂದಮೇಲೆ ಪಂಚಾಯಿತಿ ಅತ್ತೆಯ ಮುಂದೆ. ನಾನು ಕಂಬ ಹಿಡಿದು ನಿಂತೆ. ಹೊತ್ತ ಹರಕೆ ಬಿಡಲಾಗದು, ಬಿಡದಿದ್ದರೆ ಆಪರೇಶನ್ ಇಲ್ಲ. ಅತ್ತೆ ಎಲೆಯಡಿಕೆ ಕುಟ್ಟಿಕೊಳ್ಳುತ್ತಾ ಎಲ್ಲ ಕೇಳಿದರು. ಕುಟ್ಟೋದು ನಿಲ್ಲಿಸಿದರು.

"ಅರಕೆ ಬುಡಕಾಗಾಕಿಲ್ಲ. ಒರೋ ಎಗಲು ಬದಲಾಯಿಸಬೋದು," ಅಂದರು. "ದೇವರ ಅಡ್ಡೆ ಪಲ್ಲಕ್ಕಿ ಒರೋರು ಬದಲಾಯಿಸಾಕಿಲ್ವಾ, ಅಂಗೆ. ನೀನು ಒತ್ಕೊಳ್ಳಪ್ಪ."

ಯಜಮಾನರ ಮುಖ ನೋಡಬೇಕಿತ್ತು. ಅವರು ಮುದ್ದೆಯನ್ನು ಎಣಿಸಿ ಉಂಡವರಲ್ಲ. ಅವ್ವನೇ ಹೊತ್ತುಕೊಂಡರೆ ಆಗದಾ ಅಂತ ಮೆಲ್ಲಗೆ ಕೇಳಿದರು.

"ನಾ ಉಣ್ಣೋದೇ ಒಪ್ಪೊತ್ತು. ಬಾಯಲ್ಲಿ ಅಲ್ಲಿಲ್ದೋಳ ಉಪಾಸ ತೋರ್ಸಿ ದೇವರಿಗೆ ಟೋಪಿ ಆಕನಾ? ಗಂಡ ಅಂದ್ರೆ ಅರ್ಧ ಮೈ. ಅವಳ ಅರ್ಧ ಮೈ ನಿನ್ನತ್ರ ಐತೆ, ನೀನೇ ಒರ್ಬೇಕು."

ಅನುಮಾನಕ್ಕೆ ಮಠದ ಅಯ್ಯನವರನ್ನೂ ಕೇಳಿದೆವು. ಅವರು ಮೊದಲು ನಿಮ್ಮತ್ತೆ ಏನಂದರು ಅಂತ ಕೇಳಿ, ಅದೇ ಶಾಸ್ತ್ರ ಅಂದರು. ನಮ್ಮೂರಿನಲ್ಲಿ ಶಾಸ್ತ್ರ ಹೀಗೇ.

ಸೋಮವಾರ ಯಜಮಾನರು ದೇವರ ಮುಂದೆ ನಿಂತು ನನ್ನ ಹರಕೆ ವಹಿಸಿಕೊಂಡರು. ಅದೇ ದಿನ ತೊಲೆಗೆ ಆ ಕೊಕ್ಕೆ ಹೊಡೆಸಿದ್ದು. ಮೂಟೆ ತೂಗುವ ದೊಡ್ಡ ತಕ್ಕಡಿಯನ್ನು ಅದಕ್ಕೆ ತೂಗುಹಾಕಿ, ಒಂದು ಕಡೆ ನನ್ನನ್ನು ಕೂರಿಸಿ, ಇನ್ನೊಂದು ಕಡೆಗೆ ಬೆಲ್ಲ ಹಾಕಿ, ನನ್ನ ಸಮಕ್ಕೆ ಒಂದು ಮೂಟೆ ಕಟ್ಟಿಟ್ಟರು. ಒಂದು ಅಚ್ಚು ಬೆಲ್ಲ ಹತ್ತಿರ ಹತ್ತಿರ ಒಂದು ಪೌಂಡು. ಆ ಮೂಟೆಯ ಮೇಲೆ ಹತ್ತು ಅಚ್ಚು ಇಟ್ಟು ನಾನು ಸಮ ತೂಗಿದರೆ ಹಾಸನಕ್ಕೆ ಹೋಗೋದು. ತಕ್ಕಡಿಯಲ್ಲಿ ಕೂರೋದು ಅಂದರೆ ನನಗೆ ಪ್ರಾಣ ಹೋದ ಹಾಗೆ, ಬಾಗಿಲು ಹಾಕಿ ಅಂದರೆ ಯಾರೂ ಹಾಕಲಿಲ್ಲ. ನಾಲ್ಕು ಮನೆ ಹೆಂಗಸರು ಬಂದು ನಿಂತು, ಮಾರಿದರೆ ಎಷ್ಟಕ್ಕೆ ಕೊಡುತ್ತೀರಿ ಅಂತ ಯಜಮಾನರನ್ನು ಕೇಳಿದರು.

ಅತ್ತೆ ಇನ್ನೊಂದು ಕಾನೂನು ಮಾಡಿದರು. ಇನ್ನು ಮೇಲೆ ನನ್ನ ಊಟ ಎಲ್ಲರಿಗಿಂತ ಮೊದಲು, ಅವರ ಕಣ್ಣ ಮುಂದೆ. ಗಂಡ ಹಸಿದು ಕೂತಿರುವಾಗ ಮೊದಲು ಉಣ್ಣೋದು ಅಂದರೆ ಏನು ಅಂತ ಉಂಡವರಿಗೇ ಗೊತ್ತು. ಮೊದಲ ದಿನ ತುತ್ತು ಬಾಯಲ್ಲೇ ಇಟ್ಟುಕೊಂಡು ಕೂತೆ. ಅತ್ತೆ ಪೊಲೀಸಿನವರಂತೆ ಎದುರಿಗೆ ಕೂತು, ನುಂಗು ಅಂದರು. ನುಂಗಿದೆ. ಬೆಳಗ್ಗೆ ಹಾಲು ಹುಯ್ದ ರಾಗಿ ಅಂಬಲಿ, ಮಧ್ಯಾಹ್ನ ಮುದ್ದೆ ಹುರುಳಿಸಾರು, ಸಂಜೆಗೆ ಕಡಲೆಕಾಯಿ ಬೆಲ್ಲ, ರಾತ್ರಿ ಮತ್ತೆ ಮುದ್ದೆ, ಸೊಪ್ಪು. ನಾಲ್ಕು ದಿನ ಕಳೆಯುವಷ್ಟರಲ್ಲಿ ತಲೆ ಸುತ್ತೋದು ಕಮ್ಮಿಯಾಯಿತು. ಹತ್ತು ದಿನಕ್ಕೆ, ಹೇಳಿದರೆ ನಾಚಿಕೆ, ಊಟದ ಹೊತ್ತಿಗೆ ಮುಂಚೆಯೇ ನಾನು ತಟ್ಟೆಯ ಮುಂದೆ ಕೂತಿರುತ್ತಿದ್ದೆ.

ಯಜಮಾನರದು ಮಧ್ಯಾಹ್ನ ಒಂದೇ ಊಟ. ಮೊದಲೆರಡು ದಿನ ಅದರಲ್ಲೇ ರಾತ್ರಿಯದನ್ನೂ ಸೇರಿಸಿ ಉಂಡರು. ಒಪ್ಪೊತ್ತು ಅಂದರೆ ಎರಡು ಹೊತ್ತಿನದನ್ನ ಒಂದು ಹೊತ್ತಿಗೆ ಉಣ್ಣೋದಲ್ಲ ಅಂತ ಅತ್ತೆ ಮೂರು ಮುದ್ದೆಗೆ ನಿಲ್ಲಿಸಿದರು. ಸಂಜೆ ಹುರುಳಿಸಾರಿಗೆ ಒಗ್ಗರಣೆ ಬಿದ್ದ ಕೂಡಲೇ ಅವರು ಎದ್ದು ಕೆರೆ ಏರಿಯ ಕಡೆಗೆ ಹೊರಡುತ್ತಿದ್ದರು. ನನಗೂ ನಡೆಯಬೇಕಿತ್ತಲ್ಲ, ಜೊತೆಗೆ ನಾನೂ ಹೋಗುತ್ತಿದ್ದೆ. ಗಂಡ ಹೆಂಡತಿ ಹಾಗೆ ಏರಿಯ ಮೇಲೆ ಸುಮ್ಮನೆ ನಡೆದಾಡೋದನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ. ಮೊದಮೊದಲು ನನಗಾಗಿ ಅವರು ನಿಂತು ಕಾಯುತ್ತಿದ್ದರು. ಆರನೇ ವಾರಕ್ಕೆ ಅವರಿಗಾಗಿ ನಾನು ನಿಂತು ಕಾಯುತ್ತಿದ್ದೆ.

ಬೆಳಗ್ಗೆ ಮಣೆಯಿಂದ ಏಳೋದು. ಅತ್ತೆ ಬಾಗಿಲ ಹತ್ತಿರ ಕೂತು ಒಂದು, ಎರಡು ಅಂತ ಎಣಿಸುತ್ತಿದ್ದರು. ಕೈ ಊರಿದರೆ ಆ ಸಲದ್ದು ಲೆಕ್ಕಕ್ಕಿಲ್ಲ, ಮತ್ತೆ ಒಂದರಿಂದ. ಕೈ ಯಾಕೆ ಊರಬಾರದೋ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಡಾಕ್ಟರಮ್ಮ ಹೇಳಿದ್ದಾರೆ, ಮುಗಿಯಿತು.

ಸೋಮವಾರ ಸೋಮವಾರ ತಕ್ಕಡಿ. ಎರಡು ಅಚ್ಚು, ನಾಲ್ಕು ಅಚ್ಚು, ಐದು ಅಚ್ಚು. ಒಂದು ವಾರ ಒಮ್ಮೆಲೇ ಏಳಕ್ಕೆ ಹಾರಿದೆ. ಯಜಮಾನರಿಗೆ ನಂಬಿಕೆ ಬರದೆ ಮೂಟೆ ಬಿಚ್ಚಿ ನೋಡಿದರೆ ಒಳಗೆಲ್ಲ ಇರುವೆ. "ನೀ ದಪ್ಪಗಾಗಿಲ್ಲ ಕಣೆ, ಮೂಟೆ ಸಣ್ಣಗಾಗೈತೆ," ಅಂದರು. ಹೊಸ ಬೆಲ್ಲ ಹಾಕಿ ತೂಗಿದರೆ ಆರು. ಆ ಒಂದು ಅಚ್ಚಿಗೆ ನಾನು ಅತ್ತುಬಿಟ್ಟೆ. ಅತ್ತೆ ಅಂಬಲಿಯ ಚೆಂಬು ದೊಡ್ಡದು ಮಾಡಿದರು.

ಏಳನೇ ವಾರ ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ ನಾವಿಬ್ಬರೂ ಕೂತಿದ್ದೆವು. ನರ್ಸಮ್ಮ ಬಂದು ಇಬ್ಬರನ್ನೂ ನೋಡಿ, ಯಜಮಾನರ ಕೈ ಹಿಡಿದು, ಏಳಿ ನಿಧಾನವಾಗಿ ಅಂದರು. ಕಾಯಿಲೆಯವರು ಅವರೇ ಅಂದುಕೊಂಡುಬಿಟ್ಟಿದ್ದರು. ಕೊರಳಪಟ್ಟಿಯೊಳಗೆ ಇನ್ನೊಂದು ಕತ್ತು ಹಿಡಿಸುವಷ್ಟು ಇಳಿದಿದ್ದರು ಅವರು.

ನಾನು ಸ್ಟೂಲಿನಿಂದ ಐದು ಸಲ ಎದ್ದೆ, ಯಾರೂ ಕೇಳದಿದ್ದರೂ ಇನ್ನೆರಡು ಸಲ ಎದ್ದೆ. ಹೊಂಗೆ ಮರ ಮುಟ್ಟಿ ಬಂದಾಗ ನರ್ಸಮ್ಮ ಇನ್ನೂ ಗಡಿಯಾರವನ್ನೇ ನೋಡುತ್ತಿದ್ದರು. ತೂಕ ತೊಂಬತ್ತರ ಮೇಲೆ ಒಂದು ಕೂದಲು. ಡಾಕ್ಟರಮ್ಮ ಬೆರಳು ಕೊಟ್ಟರು, ಈ ಸಲ ನಾಚಿಕೊಳ್ಳಲಿಲ್ಲ.

"ಸಾಕು ಸಾಕಮ್ಮ," ಅಂದರು. "ಆಪರೇಶನ್ ಮಾಡಬೇಕಾದ್ದು ಇದೇ ಬೆರಳಲ್ಲಿ."

ಆದರೆ ಇನ್ನೊಂದು ತೊಡಕು ಕಾದಿತ್ತು. ಬೇಕಾದರೆ ಇರಲಿ ಅಂತ ಮನೆಯವರಿಂದ ಒಂದು ಬಾಟಲಿ ರಕ್ತ ಮೊದಲೇ ತೆಗೆದಿಟ್ಟುಕೊಳ್ಳಬೇಕು ಅಂದರು. ಯಜಮಾನರು ತೋಳು ಮಡಿಸಿ ಮುಂದೆ ಬಂದರು. ಡಾಕ್ಟರಮ್ಮ ಅವರ ರೆಪ್ಪೆ ಎಳೆದು ನೋಡಿ, ತೋಳು ಇಳಿಸಿಕೊಳ್ಳಿ ಅಂದರು. ಒಬ್ಬರನ್ನು ಹದಕ್ಕೆ ತಂದು ಇನ್ನೊಬ್ಬರ ಹದ ಕೆಡಿಸಿದ್ದೀರಲ್ಲ ಅಂದರು. ಅರಕಲಗೂಡಿಗೆ ತಂತಿ ಹೋಯಿತು. ಮಾರನೇ ದಿನ ಮೈದುನನೂ ವಾರಗಿತ್ತಿಯೂ ಮೊದಲ ಬಸ್ಸಿಗೇ ಬಂದರು. ಮೈದುನ ಸೂಜಿ ನೋಡಿದವನೇ ನೆಲದ ಮೇಲೆ ಕೂತುಬಿಟ್ಟ. ಅವನ ಪಕ್ಕದಿಂದ ವಾರಗಿತ್ತಿ ಸೀರೆ ಸೆರಗು ಸಿಕ್ಕಿಸಿಕೊಂಡು ಹೋಗಿ ಮಂಚದ ಮೇಲೆ ಮಲಗಿದಳು. ಪರೀಕ್ಷೆ ಮಾಡಿದರೆ ಅವಳ ರಕ್ತ ನನಗೆ ಸರಿಯಾಗಿ ಹೊಂದಿತು. ಬಾಟಲಿ ತುಂಬಿತು, ಹಾಲು ಕುಡಿದಳು, ಇಷ್ಟೇನಾ ಅಂತ ಕೇಳಿದಳು. ನಾನು ಅವಳ ಕೈ ಹಿಡಿದುಕೊಂಡೆ. ಎರಡೂವರೆ ತಿಂಗಳು ಅವಳ ಕಾಲನ್ನು ಎಷ್ಟು ಬೈದುಕೊಂಡಿದ್ದೆನೋ, ಅದನ್ನು ಹೇಳಲಿಲ್ಲ.

ಆಪರೇಶನ್ನಿನ ಬಗ್ಗೆ ಬರೆಯಲು ನನಗೇನೂ ಗೊತ್ತಿಲ್ಲ, ನಿದ್ದೆ ಬರಿಸಿದ್ದರು. ಎಚ್ಚರವಾದಾಗ ವಾರಗಿತ್ತಿಯ ರಕ್ತದ ಬಾಟಲಿ ಖಾಲಿಯಾಗಿ ತೂಗುತ್ತಿತ್ತು, ಅವಳು ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದಳು. ಎರಡನೇ ದಿನ ಡಾಕ್ಟರಮ್ಮ ಬಂದು, ಎದ್ದು ನಿಲ್ಲಲಿ ಅಂದರು. ಯಜಮಾನರು ಓಡಿ ಬಂದು ಎದುರಿಗೆ ನಿಂತರು. ನಾನು ಎದ್ದು ನಿಲ್ಲುವವರೆಗೆ ತಾನೇ ಹರಕೆ.

"ಏಳು, ಏಳು. ಆತುರ ಇಲ್ಲ, ನಿಧಾನ್ವಾಗಿ ಏಳು," ಅಂದರು.

ಎದ್ದು ನಿಂತೆ. ಅವರು ಕಣ್ಣು ಒರೆಸಿಕೊಂಡು, ದೇವರಿಗೆ ಕೈ ಮುಗಿದು, ಆಸ್ಪತ್ರೆಯ ಎದುರಿನ ಹೋಟೆಲಿಗೆ ಹೋದರು. ಅದರಲ್ಲಿ ಅಕ್ಕರೆ ಎಷ್ಟು, ಹಸಿವು ಎಷ್ಟು ಅಂತ ನಾನು ತೂಗಲು ಹೋಗಲಿಲ್ಲ. ಆ ಹೋಟೆಲಿನವರು ಆಮೇಲೆ ಇಡ್ಲಿ ಇಲ್ಲ ಅಂತ ಬೋರ್ಡು ಬರೆದರು ಅಂತ ಮೈದುನ ಹೇಳುತ್ತಾನೆ, ಅವನ ಮಾತು ಅರ್ಧ ನಂಬಬೇಕು.

ಇನ್ನು ಮೂರು ತಿಂಗಳು ಕೊಡ ಎತ್ತುವಂತಿಲ್ಲ. ನೀರು ಸೇದಿದ್ದು, ಹೊತ್ತದ್ದು ಯಜಮಾನರು. ಬಾವಿಕಟ್ಟೆಯ ಹೆಂಗಸರು ನಕ್ಕರೆ, ನಿಮ್ಮ ಗಂಡಂದಿರಿಗೂ ಕಲಿಸಿಕೊಡಲಾ ಅನ್ನುತ್ತಿದ್ದರು. ಮಗಳು ಬಂದಳು, ಅವಳಿಗೂ ಮೊದಲ ಊಟ, ಅತ್ತೆಯ ಕಾನೂನು. ಮೂರು ತಿಂಗಳಿಗೆ ಇನ್ನು ಎಂಟು ದಿನ ಇದೆ ಅನ್ನುವಾಗ ಈ ತುಂಟಿ, ನನ್ನ ಬಂಗಾರ, ಮೊದಲೇ ಹುಟ್ಟಿಬಿಟ್ಟಳು. ತಲೆ ತುಂಬ ಕೂದಲು. ಅತ್ತದ್ದು ಕೆರೆ ಏರಿಗೆ ಕೇಳಿಸಿತು.

ಎಂಟು ದಿನ ಅಂದರೆ ಎಂಟು ದಿನ ಅಂದರು ಅತ್ತೆ. ಅರಕಲಗೂಡಿನಿಂದ ವಾರಗಿತ್ತಿ ಬಂದು ಎರೆದಳು. ನಾನು ಬಚ್ಚಲ ಬಾಗಿಲಲ್ಲಿ ಕೂತು, ನೀರು ಬಿಸಿಯಾಯಿತು, ಕತ್ತು ಹಿಡಕೋ ಅಂತ ಅವಳ ಪ್ರಾಣ ತಿಂದೆ. ಅವಳು ಚೆನ್ನಾಗಿ ಎರೆಯುತ್ತಿದ್ದಳು, ಸುಳ್ಳು ಹೇಳಬಾರದು. ಒಂಬತ್ತನೇ ದಿನ ಬೆಳಗ್ಗೆ ಅವಳೇ ಮಣೆ ತೊಳೆದು ನನಗೆ ಹಾಕಿದಳು.

"ಕೂತ್ಕೊ ಬಾರಕ್ಕ. ನನ್ನ ರಗತ ನಿನ್ನ ಮೈಲಿ ಓಡ್ತಾ ಐತೆ. ನೀ ಎರೆದ್ರೂ ನಾ ಎರೆದಂಗೇಯ."

ಕೂತೆ. ಕಾಲು ನೀಡಿದೆ. ಅವಳೇ ಕೂಸನ್ನು ತಂದು ಕಾಲ ಮೇಲೆ ಹಾಕಿದಳು. ಅದರ ಬೆಚ್ಚಗಿನ ಹೊಟ್ಟೆ ನನ್ನ ಮೊಣಕಾಲಿಗೆ ತಗುಲಿತು ನೋಡಿ, ಅದನ್ನು ಬರೆಯೋಷ್ಟು ಓದು ನನಗಿಲ್ಲ. ಎಣ್ಣೆ ತೀಡಿದೆ. ಎರೆದೆ. ಕೂಸು ಅತ್ತಿತು, ಬಿಕ್ಕಿತು, ನೀರಿಗೆ ಒಗ್ಗಿ ಸುಮ್ಮನಾಯಿತು. ಮುಗಿದಾಗ ಒರೆಸುವ ಬಟ್ಟೆ ಹಿಡಿದು ನಿಲ್ಲಬೇಕಾದ ವಾರಗಿತ್ತಿ ಇಲ್ಲ. ಒಳಗೆ ಸಾಂಬ್ರಾಣಿ ಹೊಗೆಗೆ ಕೆಂಡ ಹುಡುಕುತ್ತಿದ್ದಳು. ಮಗಳು ಹಸಿ ಬಾಣಂತಿ, ಬಗ್ಗುವಂತಿಲ್ಲ. ಯಜಮಾನರು ನೀರು ತರಲು ಹೋಗಿದ್ದರು. ಕೂಸಿಗೆ ಚಳಿಯಾಗುತ್ತದೆ. ಎರಡೂ ಕೈಯಲ್ಲಿ ಅದನ್ನು ಎದೆಗೆ ಅವಚಿಕೊಂಡೆ, ಕಾಲು ಮಡಿಸಿದೆ, ಎದ್ದೆ.

ಎದ್ದು ನಿಂತಮೇಲೆ ಗೊತ್ತಾಯಿತು, ಊರೋದಕ್ಕೆ ಕೈಯೇ ಇರಲಿಲ್ಲ ಅಂತ.

ಬಚ್ಚಲ ಬಾಗಿಲಲ್ಲಿ ಎಲೆಯಡಿಕೆ ಕುಟ್ಟುತ್ತಾ ಕೂತಿದ್ದ ಅತ್ತೆ ತಲೆ ಎತ್ತಿ ನೋಡಿ, "ಒಂದು," ಅಂದರು.